ಹಾಡಿಗೆ ಬೀಗ ಹಾಕಿದವಳು

ಬಂಗಾರಕ್ಕೆ ಬೀಗ ಹಾಕುವವರನ್ನು ನೋಡಿದ್ದೇನೆ. ಉಪ್ಪಿನಕಾಯಿ ಇಡುವ ಕಪಾಟಿಗೆ ಬೀಗ ಹಾಕುವವರನ್ನೂ ನೋಡಿದ್ದೇನೆ. ನಮ್ಮ ಅತ್ತೆಯವರೇ ಹಾಕುತ್ತಿದ್ದರು. ಆದರೆ ಹಾಡಿಗೆ ಬೀಗ ಹಾಕಿ, ಕೀಲಿಕೈ ತನ್ನ ಹತ್ತಿರ ಇಟ್ಟುಕೊಂಡು, "ನಿಮ್ಮನೆಲಿ ಮದ್ವೆ ಇದ್ದಾ? ಇದ್ರೆ ಕೊಡ್ತೆ, ಇಲ್ದಿದ್ರೆ ಇಲ್ಲೆ" ಎನ್ನುವ ಹೆಂಗಸು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಒಬ್ಬಳೇ ಸಿಗುವುದು. ಅವಳು ನನ್ನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಹೆಣ್ಣು ನೋಡಲು ಹೋದವರಲ್ಲಿ ನಾನೂ ಇದ್ದೆ, ಮೊದಲು ತಲೆ ಆಡಿಸಿದವಳೂ ನಾನೇ. ಹಾಗಾಗಿ ಯಾರ ಮೇಲೂ ದೂರು ಹೇಳುವಂತಿಲ್ಲ.

ಅವಳು ಸಿದ್ದಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಟ್ರಂಕ್ ಕಾಲ್ ಕಾಲದ ಆಪರೇಟರು. ನಿವೃತ್ತಿಯಾದರೂ ಅಭ್ಯಾಸ ಬಿಡಲಿಲ್ಲ. ಬಾಗಿಲು ಬಡಿದರೆ ಒಳಗಿನಿಂದಲೇ "ಯಾರು? ಎಲ್ಲಿಂದ? ಯಾರ ಹತ್ರ ಮಾತಾಡವು?" ಎಂದು ಮೂರು ಪ್ರಶ್ನೆ. ನನ್ನ ಮೈದುನ ತನ್ನ ಮನೆಗೆ ತಾನೇ ಬಂದು "ಆನು, ಪೇಟೆಯಿಂದ, ನಿನ್ನ ಹತ್ರ" ಎಂದು ಉತ್ತರ ಕೊಡುವುದನ್ನು ಕಣ್ಣಾರೆ ಕಂಡಿದ್ದೇನೆ. ಪಾಪ, ಅವನು ದಿನಕ್ಕೆ ಆಡುತ್ತಿದ್ದ ಮಾತು ಅಷ್ಟೇ. ಉಳಿದದ್ದಕ್ಕೆ ಲೈನು ಸಿಗುತ್ತಿರಲಿಲ್ಲ.

ಇನ್ನು ಅವಳ ದನಿ. ಮದುವೆಮನೆಯಲ್ಲಿ ಹೆಂಗಸರು ಹೇಳುವ ಹಾಡುಗಳಿವೆಯಲ್ಲ, ಎಣ್ಣೆ ಹಚ್ಚುವಾಗೊಂದು, ಹಸೆಗೆ ಕರೆಯುವಾಗೊಂದು, ಬೀಗರಿಗೆ ಊಟಕ್ಕೆ ಬಡಿಸುವಾಗ ಕಾಲೆಳೆಯುವುದಕ್ಕೊಂದು, ಅವೆಲ್ಲ ಅವಳಿಗೆ ಬಾಯಿಪಾಠ. ಹೆಗಡೆಕಟ್ಟಾದಿಂದ ಇಡಗುಂದಿಯವರೆಗೆ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಪುರೋಹಿತರಿಗೆ ಹೇಳಿದ ಮೇಲೆ ಇವಳಿಗೆ ಹೇಳುತ್ತಿದ್ದರು. ಕೆಲವರು ಪುರೋಹಿತರಿಗಿಂತ ಮೊದಲೇ ಹೇಳುತ್ತಿದ್ದರು.

ಅದರಲ್ಲಿ ಒಂದು ಹಾಡು ಮಾತ್ರ ಬೇರೆ. ಹುಡುಗಿಯನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಹಾಡು. 'ಇವಳಿಗೆ ಉಪ್ಪಿನ ಅಳತೆ ಗೊತ್ತಿಲ್ಲ, ಬೆಳಿಗ್ಗೆ ಬೇಗ ಏಳುವುದು ಗೊತ್ತಿಲ್ಲ, ನಿಮ್ಮ ಮಗಳೆಂದು ನಡೆಸಿಕೊಳ್ಳಿ' ಎಂದು ಬೇಡುವ ಹಾಡು. ಅದನ್ನು ಯಾವಾಗೆಂದರೆ ಆವಾಗ ಹೇಳುವ ಹಾಗಿಲ್ಲ. ಹುಡುಗಿ ಹೊಸ್ತಿಲು ದಾಟುವ ಹೊತ್ತಿಗೆ ಮಾತ್ರ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕಸ ಗುಡಿಸುತ್ತಾ ಅದನ್ನೇ ಗುನುಗಿಬಿಟ್ಟಿದ್ದೆ. ಅತ್ತೆಯವರು ಒಳಗಿನಿಂದ ಓಡಿ ಬಂದು, "ಮನೆಯಿಂದ ಯಾರ್ನ ಕಳಿಸೂಲೆ ಹೊಂಟಿದ್ದೆ ನೀನು?" ಎಂದು ಕೇಳಿದ್ದರು. ಜೊತೆಗೆ ಒಂದು ಬೈಗುಳ. ಆ ಬೈಗುಳದ ವಿಷಯ ಮುಂದೆ ಬರುತ್ತದೆ.

ಹೋದ ವರ್ಷ ಅವಳ ದನಿ ಒಡೆಯಲು ಶುರುವಾಯಿತು. ಮೊದಲು ನೆಗಡಿ ಎಂದಳು, ಆಮೇಲೆ ಧೂಳು ಎಂದಳು, ಆಮೇಲೆ ನನ್ನ ಕೈಯಡುಗೆಯ ಖಾರ ಎಂದಳು. ಹುಬ್ಬಳ್ಳಿಯ ಡಾಕ್ಟರು ಒಳಗೆ ಕೊಳವೆ ಹಾಕಿ ನೋಡಿ, ಗಡ್ಡೆ ಕೆಟ್ಟದ್ದು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಮೈದುನ ಗೋಡೆ ನೋಡಿದ. ನಾನು ನೆಲ ನೋಡಿದೆ. ಅವಳು ಡಾಕ್ಟರನ್ನೇ ನೋಡಿ ಕೇಳಿದಳು:

"ತೆಗೆದ ಪೆಟ್ಟಿಗೆ ನಮಗೇ ಕೊಡ್ತೀರಾ ಡಾಕ್ಟ್ರೇ, ನೀವೇ ಇಟ್ಕೊಳ್ತೀರಾ?"

ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಜೊತೆಗಿರಲೆಂದು ನಾನು ಸಿದ್ದಾಪುರದ ಅವಳ ಮನೆಗೆ ಬಂದೆ. ಆ ವಾರವೇ ಅವಳು ತನ್ನ ಕೋಣೆಗೆ ಚಿಲಕ ಹಾಕಿಕೊಂಡು ಹಾಡುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಲು ಕೂತಳು. ಯಾರೂ ಒಳಗೆ ಬರಬಾರದು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತರೆ "ಲೈನ್ ಎಂಗೇಜ್ ಇದ್ದು, ಆಮೇಲೆ ಬಾ" ಎಂದು ಉತ್ತರ. ರೆಕಾರ್ಡ್ ಆದ ಮೇಲೆ ಎಲ್ಲರ ಹಾಗೆ ವಾಟ್ಸಾಪಿನಲ್ಲಿ ಹಂಚಿ ಕೈತೊಳೆದುಕೊಳ್ಳಬಹುದಿತ್ತಲ್ಲ? ಹಾಗೆ ಮಾಡಿದರೆ ಅವಳು ಅವಳೇ ಹೇಗಾದಾಳು?

"ಅಕ್ಕಯ್ಯ, ಹಂಚಿದ್ರೆ ಎಲ್ಲಂದ್ರಲ್ಲಿ ಬೀಳ್ತು. ಒಪ್ಪಿಸೂ ಹಾಡು ಹೋಟ್ಲಲ್ಲಿ ಬಜ್ಜಿ ಕರಿಯೂ ಹೊತ್ತಿಗೆ ಕೇಳೂದಾ? ಆನು ಬಾಯಿ ಬಿಟ್ಟು ಬೈಯೂಲೂ ಇರ್ತಿಲ್ಲೆ ಆವಾಗ. ಯಾರ ಮನೆ ಕೂಸು ಹೊರಡ್ತೋ ಅವ್ಕೆ ಮಾತ್ರ ಸಿಕ್ಕವು. ಅಷ್ಟಾದ್ರೆ ನಂಗೆ ಸಾಕು."

ಹುಡುಗಿ ಹೊರಡುವ ಮನೆಯವರಿಗೆ ಮಾತ್ರ ಆ ಹಾಡು ಸಿಗಬೇಕು, ಅದೊಂದೇ ಅವಳ ಆಸೆ. ಆಪರೇಷನ್ನಿಗೆ ಮುಂಚೆ ಅದಕ್ಕೊಂದು ವ್ಯವಸ್ಥೆ ಆಗಬೇಕು. ಶಿರಸಿಯ ಅಂಗಡಿಯಿಂದ ಹಳೆಯ ಕಂಪ್ಯೂಟರ್ ಬಂತು. ಊಟದ ಮೇಜು ಅದಕ್ಕೆ ಹೋಯಿತು, ನಾವು ನೆಲಕ್ಕೆ ಬಂದೆವು. ಅದಕ್ಕೆ ಸರ್ವರ್ ಎಂದು ಹೆಸರು. ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುವ ಒಂದು ತಂತ್ರಾಂಶ ಹುಡುಕಿದಳು. ಅದನ್ನು ಸರ್ವರಿನಲ್ಲಿ ಕೂರಿಸಿದರೆ ಜನ ತಮ್ಮ ಮನೆಯಲ್ಲೇ ಕೂತು ನಮ್ಮಲ್ಲಿರುವುದನ್ನು ಇಳಿಸಿಕೊಳ್ಳಬಹುದಂತೆ. ಯಾರಿಗೆ ಏನು ಸಿಗಬೇಕೆಂದು ಯಜಮಾನರು ಹೇಳಬಹುದಂತೆ. ಕೂರಿಸುವ ಕ್ರಮ ಇಂಗ್ಲಿಷಿನಲ್ಲಿತ್ತು. ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ. ನನಗೆ ಅವಳ ಮುಖ ಓದಲು ಬರುತ್ತದೆ. ಇಬ್ಬರೂ ಸೇರಿ ಕೆಲಸ ಸಾಗಿಸಿದೆವು.

ಕೊನೆಯಲ್ಲಿ ಒಂದು ಎಚ್ಚರಿಕೆ ಇತ್ತು. ಸ್ಥಾಪನೆಗೆಂದು ಬಂದ 'ಇನ್‌ಸ್ಟಾಲ್' ಫೋಲ್ಡರನ್ನು ಅಳಿಸಿಹಾಕಬೇಕು, ಉಳಿಸಿದರೆ ಯಾರಾದರೂ ಬಂದು ಮೊದಲಿಂದ ಸ್ಥಾಪಿಸಿ ತಾವೇ ಯಜಮಾನರಾಗಿಬಿಡಬಹುದು. ಎಚ್ಚರಿಕೆ ಎಂದರೆ ಇವಳಿಗೆ ಪಂಚಪ್ರಾಣ. ಎಲ್ಲಕ್ಕಿಂತ ಮೊದಲು ಅದನ್ನೇ ಮಾಡಿದಳು. ಸ್ಥಾಪನೆ ಆಗುವ ಮುಂಚೆಯೇ ಸ್ಥಾಪನೆಯ ಫೋಲ್ಡರ್ ಮಾಯ. ಕಂಪ್ಯೂಟರಿನ ಪರದೆ ಬೆಳ್ಳಗೆ ಕೂತಿತು.

"ಈಗ ಯಾರೂ ಒಳಗೆ ಬರೂಲಾಗ್ತಿಲ್ಲೆ," ಎಂದಳು ಹೆಮ್ಮೆಯಿಂದ.

"ಹೌದು ಮಾರಾಯ್ತಿ, ನೀನೂ ಹೋಪ್ಲಾಗ್ತಿಲ್ಲೆ," ಎಂದೆ ನಾನು.

ಮತ್ತೆ ಇಳಿಸಿ, ಮತ್ತೆ ಬಿಚ್ಚಿ, ಎರಡನೆಯ ಸಲ ಸ್ಥಾಪನೆಯಾಯಿತು. ಆಗ ನೋಡಿದರೆ ಅಳಿಸಲು ಅವಳಿಗೇ ಮನಸ್ಸಿಲ್ಲ. "ಇಷ್ಟೆಲ್ಲ ಕೆಲ್ಸ ಮಾಡಿಕೊಟ್ಟದ್ದು, ಒಂದು ಮಾತು ಹೇಳ್ದೆ ಹೊರಗೆ ಹಾಕೂದಾ?" ಎಂದು ಮೌಸ್ ಹಿಡಿದು ಕೂತಳು. ಮೈದುನ ಹಿಂದಿನಿಂದ ಬಗ್ಗಿ ಗುಂಡಿ ಒತ್ತಿ ಹೋದ. ಅವನ ಜೀವಮಾನದಲ್ಲಿ ಅವಳನ್ನು ಕೇಳದೆ ಮಾಡಿದ ಕೆಲಸ ಅದೊಂದೇ ಇರಬೇಕು.

ಆಮೇಲೆ ಪಾಸ್‌ವರ್ಡ್. ಆ ತಂತ್ರಾಂಶ ಬರುವಾಗಲೇ ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಹೊತ್ತು ಬಂದಿತ್ತು. ಅದನ್ನು ತಕ್ಷಣ ಬದಲಿಸಿ ಎಂದಿತ್ತು. ಯಾರೂ ಊಹಿಸಲಾಗದ್ದು ಬೇಕು. ಯಾರ ಹುಟ್ಟಿದ ದಿನವೂ ಬೇಡ, ದೇವರ ಹೆಸರೂ ಬೇಡ. ಯೋಚಿಸಿ ಯೋಚಿಸಿ, ನಮ್ಮ ಅತ್ತೆಯವರ ಆ ಬೈಗುಳವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು. ಅದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಸೊಸೆಯಂದಿರಿಗೆಂದೇ ಮೀಸಲಿಟ್ಟದ್ದು. ಪಕ್ಕದಲ್ಲಿ ಹಸಿರು ಗೆರೆ ಮೂಡಿ 'ಬಹಳ ಬಲವಾದದ್ದು' ಎಂದು ಬಂತು. ಅದನ್ನು ನಾವು ಮೊದಲಿಂದಲೂ ಬಲ್ಲೆವು.

ಇಷ್ಟೆಲ್ಲ ಮಾಡಿ, ಆಪರೇಷನ್ನಿನ ದಿನ ಗೊತ್ತು ಮಾಡಿಕೊಂಡು ಹುಬ್ಬಳ್ಳಿಯಿಂದ ವಾಪಸು ಬರುತ್ತಿದ್ದೆವು. ಯಲ್ಲಾಪುರದಲ್ಲಿ ಜನ ಹತ್ತಿದರು. ಬಸ್ಸು ಪೇಟೆ ದಾಟಿತ್ತಷ್ಟೇ, ಮುಂದಿನ ಸೀಟಿನಲ್ಲಿ ಯಾರದೋ ಫೋನು ರಿಂಗಾಯಿತು. ರಿಂಗಾದದ್ದು ಏನು? ಒಪ್ಪಿಸುವ ಹಾಡು. ಅವಳದೇ ದನಿ. ಮೊದಲ ಸಾಲು.

ಅವಳು ಎದ್ದು ನಿಂತಳು. ದನಿ ಆಗಲೇ ಜರಡಿ ಉಜ್ಜಿದ ಹಾಗಾಗಿತ್ತು, ಆದರೂ ಬಸ್ಸಿಡೀ ಕೇಳಿಸಿತು.

"ಯಾರ ಮನೆಲಿ ಮದ್ವೆ?"

ಕಂಡಕ್ಟರ್ ಹಾವೇರಿ ಕಡೆಯವನು. "ಕುಂದರ್ರಿ ಅಮ್ಮಾರ. ಬಸ್ಸಿನ್ಯಾಗ ಯಾರ ಮದುವಿ ಇರ್ತೈತ್ರಿ?" ಎಂದ.

ಮುಂದೆ ಕೂತವರು ಫೋನು ಬಂದ್ ಮಾಡಿ ತಿರುಗಿದರು. ಯಲ್ಲಾಪುರದಲ್ಲಿ ಲಾರಿ ಇಟ್ಟುಕೊಂಡ ಸಾಹೇಬರು, ಬಿಳಿ ಗಡ್ಡ, ಕೈಯಲ್ಲಿ ಮಾತ್ರೆಯ ಚೀಟಿ.

"ನಮ್ಮ ಹುಡುಗೀದು ಶಾದಿ ಆಯ್ತು ಅಕ್ಕಾರೆ, ಹೋದ ತಿಂಗ್ಳು," ಎಂದರು. "ಅವ್ಳು ಹೋದ್ಮೇಲೆ ಮನೆ ಭಣಭಣ ಅಂತದೆ. ಯಾರೋ ಕಳ್ಸಿದ್ರು ಇದ್ನ. ಪೂರ್ತಿ ಅರ್ಥ ಆಗ್ಲಿಲ್ಲ. ಯಾರೋ ತಾಯಿ ಹೇಳ್ತಾ ಇದಾಳೆ ಅಂತ ಅನ್ಸ್ತು, ಹಾಕ್ಕೊಂಡೆ. ತಪ್ಪಾಯ್ತಾ?"

ಇವಳು ಮೆಲ್ಲಗೆ ಕೂತಳು. ಆಮೇಲೆ ಮುಂದೆ ಬಾಗಿ ಹೇಳಿದಳು: "ಇಟ್ಕೊಳ್ಳಿ. ನಿಮ್ಗೆ ಹಕ್ಕಿದೆ. ಆದ್ರೆ ಫೋನ್ ಬಂದಾಗ ಬಾರಿಸ್ಬೇಡಿ. ಮಗಳು ನೆನಪಾದಾಗ ಕೇಳಿ."

"ನೆನಪು ಟೈಮ್ ನೋಡ್ಕೊಂಡು ಬರ್ತದಾ ಅಕ್ಕಾರೆ," ಎಂದರು ಅವರು. ಅಲ್ಲೇ, ಅವಳೆದುರಿಗೇ, ಫೋನಿನ ಸದ್ದು ಬದಲಿಸಿದರು.

ಮನೆಗೆ ಬಂದು ನೋಡಿದರೆ ತಪ್ಪು ನಮ್ಮದೇ. ಮುಂಬಾಗಿಲಿಗೆ ಬೀಗದ ಮೇಲೆ ಬೀಗ ಹಾಕಿ, ಹಾಡಿನ ಕಡತಗಳನ್ನು ಮಾತ್ರ ಜಾಲತಾಣದ ಅಂಗಳದಲ್ಲೇ ಹರವಿ ಇಟ್ಟಿದ್ದಳು. ವಿಳಾಸ ಗೊತ್ತಿದ್ದವರು ನೇರ ಬಂದು ಎತ್ತಿಕೊಂಡು ಹೋಗಬಹುದಿತ್ತು, ಯಾರೋ ಹೋಗಿದ್ದರು. ಅವಳು ಬೇಸರದಲ್ಲಿ ಊಟ ಬಿಟ್ಟು ಕೂತು ಎಲ್ಲವನ್ನೂ ಹೊರಗಿನವರ ಕೈಗೆಟುಕದ ಬೇರೆ ಫೋಲ್ಡರಿಗೆ ಸಾಗಿಸಿದಳು. ಇನ್ನು ಯಾರಿಗೆ ಬೇಕಾದರೂ ತಂತ್ರಾಂಶವೇ ಒಳಗಿನಿಂದ ತಂದುಕೊಡಬೇಕು. ಬೇರೆ ಹಾಡುಗಳು ಕೇಳಿದವರಿಗೆಲ್ಲ ಸಿಗುತ್ತವೆ. ಒಪ್ಪಿಸುವ ಹಾಡಿಗೆ ಅವಳನ್ನೇ ಕೇಳಬೇಕು. ಯಾರ ಮನೆ, ಯಾವ ಹುಡುಗಿ, ಹೊರಡುವ ಹೊತ್ತು ಯಾವುದು. ಆ ದಿನಕ್ಕೊಂದು ಪಾಸ್‌ವರ್ಡ್, ಮರುದಿನ ಅದು ಸತ್ತಿರುತ್ತದೆ.

ಆಪರೇಷನ್ ಆಯಿತು. ಕೊರಳಲ್ಲಿ ಒಂದು ಸಣ್ಣ ತೂತು, ಅದರ ಮೇಲೊಂದು ಹತ್ತಿ ಬಟ್ಟೆ. ಉಸಿರು ಈಗ ಅಲ್ಲಿಂದಲೇ. ಎಚ್ಚರವಾಗಿ ಫೋನು ಕೈಗೆ ಸಿಕ್ಕಿದ ತಕ್ಷಣ ಅವಳು ನನಗೆ ತೋರಿಸಿದ ಮೊದಲ ಬರಹ: 'ಸರ್ವರ್ ಬಂದ್ ಮಾಡಿದ್ರಾ?' ನಾನು ಅಳುತ್ತಿದ್ದೆ. ಇಲ್ಲ ಎಂದು ತಲೆ ಆಡಿಸಿದೆ.

ಆಮೇಲೂ ಕೆಲವು ತಿಂಗಳು ನಾನು ಸಿದ್ದಾಪುರದಲ್ಲೇ ಉಳಿದೆ. ಬಾಗಿಲು ಬಡಿದರೆ ಒಳಗಿನಿಂದ ಪ್ರಶ್ನೆಯಿಲ್ಲ. ಮೈದುನ ಮಾತ್ರ ಹೊರಗೆ ನಿಂತು, ಯಾರೂ ಕೇಳದಿದ್ದರೂ "ಆನು, ಪೇಟೆಯಿಂದ" ಎಂದು ಹೇಳಿಯೇ ಒಳಗೆ ಬರುತ್ತಿದ್ದ. ಅವಳು ಬೆರಳಿನಲ್ಲಿ ಒಂದು ಮಾತು ಕುಟ್ಟುವಷ್ಟರಲ್ಲಿ ನಾನು ಬಾಯಲ್ಲಿ ಹತ್ತು ಹೇಳಿ ಮುಗಿಸುತ್ತಿದ್ದೆ. ಅವಳು ಮದುವೆಯಾಗಿ ಬಂದಂದಿನಿಂದ ಅವಳ ಜೊತೆ ಒಂದು ಜಗಳವನ್ನೂ ಗೆದ್ದವಳಲ್ಲ ನಾನು. ಈಗ ದಿನಾ ಗೆಲ್ಲುತ್ತಿದ್ದೆ. ಗೆದ್ದು ಅಡುಗೆಮನೆಗೆ ಹೋಗಿ ನಿಂತರೆ ಅಲ್ಲಿ ಏನು ಮಾಡಲು ಬಂದೆನೆಂದೇ ಮರೆಯುತ್ತಿತ್ತು. ಕೊನೆಗೆ ನಾನೂ ಫೋನಿನಲ್ಲಿ ಟೈಪ್ ಮಾಡಲು ಕಲಿತೆ. ಎದುರುಬದುರು ಕೂತು, ತುಟಿ ಬಿಗಿದು, ಇಬ್ಬರೂ ಕುಟ್ಟುವುದು. ನನ್ನ ಒತ್ತಕ್ಷರ ಮೂಡುವಷ್ಟರಲ್ಲಿ ಅವಳ ಎರಡು ಬೈಗುಳ ಬಂದು ಬಿದ್ದಿರುತ್ತಿದ್ದವು. ಮತ್ತೆ ಸೋಲಲು ಶುರುಮಾಡಿದ ಮೇಲೆ ನನಗೆ ರಾತ್ರಿ ನಿದ್ದೆ ಬಂತು.

ಈ ಬೇಸಿಗೆಯಲ್ಲಿ ನನ್ನ ಮೊಮ್ಮಗಳ ಮದುವೆ, ಶಿರಸಿಯ ಛತ್ರದಲ್ಲಿ. ಓರಗಿತ್ತಿಯಾದರೂ ನಾನು ಅವಳಿಗೆ ಅರ್ಜಿ ಹಾಕಲೇಬೇಕಾಯಿತು.

'ಯಾರ ಮನೆ?' ಎಂದು ಬಂತು.

'ನಿನ್ನ ಭಾವನ ಮನೆ,' ಎಂದು ಕುಟ್ಟಿದೆ.

'ಯಾವ ಕೂಸು?'

'ನೀನು ಎತ್ತಿ ಆಡಿಸಿದ್ದು.'

'ಆನು ಎತ್ತಿ ಆಡಿಸಿದ್ದು ರಾಶಿ ಇದ್ದು. ಹೆಸರು ಬರಿ.'

ಬರೆದೆ. ಹೊರಡುವ ಹೊತ್ತನ್ನೂ ಬರೆದೆ. ಆಮೇಲೆ ಪಾಸ್‌ವರ್ಡ್ ಬಂತು. ಅದರ ಕೆಳಗೆ, 'ಅಕ್ಕಯ್ಯ, ಈ ಹಾಡು ಯಾರಾದ್ರೂ ಕೇಳಿದ್ದು ಇದೇ ಮೊದಲ್ನೇ ಸಲ. ಈಗ ಎಲ್ಲಾ ಮದ್ವೆಗೆ ಬ್ಯಾಂಡ್ ತರಿಸ್ತ.'

ಊಟ ಮುಗಿದು, ಮೊಮ್ಮಗಳು ಹೊರಡುವ ಹೊತ್ತು. ಹಾಡು ಇಳಿಸಿದ ನನ್ನ ಫೋನನ್ನು ಧ್ವನಿವರ್ಧಕದವನಿಗೆ ಕೊಟ್ಟೆ. ಹೆಂಗಸರೆಲ್ಲ ಬಾಗಿಲ ಹತ್ತಿರ ನಿಂತಿದ್ದರು. ಇವಳು ಕುರ್ಚಿಯಲ್ಲಿ, ಕೊರಳಿಗೆ ಸೀರೆಯ ಬಣ್ಣದ್ದೇ ಬಟ್ಟೆ. ಹಾಡು ಶುರುವಾಯಿತು. ಅವಳ ದನಿ, ಒಂದು ಕಡೆ ಸ್ವಲ್ಪ ಸೀಳಿದ್ದು, ಛತ್ರವನ್ನೆಲ್ಲ ತುಂಬಿತು. ಕೆಲವರು ತಿರುಗಿ ಅವಳನ್ನು ನೋಡಿದರು, ಕೂಡಲೇ ಮುಖ ತಿರುಗಿಸಿದರು. ಒಂದು ಸಾಲು ಮುಗಿಯಿತು.

ನಿಂತೇ ಹೋಯಿತು.

"ಫೋನ್ ಹ್ಯಾಂಗ್ ಆತು ಕಾಣ್ತು," ಎಂದಿತು ಒಂದು ದನಿ. ಧ್ವನಿವರ್ಧಕದವನು ತಂತಿ ಅಲ್ಲಾಡಿಸಿದ. ಹಾಳಾದ ಬೀಗ ನಮ್ಮನ್ನೂ ಹೊರಗೆ ಹಾಕಿತೇ ಎಂದುಕೊಂಡೆ. ಅವಳ ಕಡೆ ನೋಡಿದೆ. ಅವಳು ಗಾಬರಿಯಾಗಿರಲಿಲ್ಲ. ನಮ್ಮನ್ನೇ, ಒಬ್ಬೊಬ್ಬರನ್ನಾಗಿ, ನೋಡುತ್ತಿದ್ದಳು. ಆಗ ಕೇಳಿಸಿತು: ಧ್ವನಿವರ್ಧಕ ನಿಂತಿರಲಿಲ್ಲ. ಅದರಲ್ಲಿ ಸಣ್ಣಗೆ ಉಸಿರಿತ್ತು. ಮೂಗಿನಿಂದ ಎಳೆದು ಬಿಡುವ, ಅವಳ ಹಳೆಯ ಉಸಿರು.

ನಮ್ಮ ಕಡೆ ಹಾಡನ್ನು ಒಬ್ಬಳೇ ಹೇಳುವುದಿಲ್ಲ. ಒಬ್ಬಳು ಸಾಲು ಹೇಳಿ ಬಿಡುತ್ತಾಳೆ, ಉಳಿದವರು ಅದನ್ನೇ ಎತ್ತಿಕೊಂಡು ಹೇಳುತ್ತಾರೆ. ಚಿಲಕ ಹಾಕಿದ ಆ ಕೋಣೆಯಲ್ಲಿ, ಎದುರಿಗೆ ಯಾರೂ ಇಲ್ಲದೆ, ಅವಳು ಒಂದೊಂದು ಸಾಲು ಹೇಳಿ ನಾವು ಎತ್ತಿಕೊಂಡು ಮುಗಿಸುವಷ್ಟು ಹೊತ್ತು ಕಾದಿದ್ದಳು.

ನಮಗೆ ಇದು ಹೊಳೆಯುವಷ್ಟರಲ್ಲಿ ಎರಡನೆಯ ಸಾಲು ಬಂದುಬಿಟ್ಟಿತು. ಅದು ಮುಗಿದಾಗ ನನ್ನ ಗಂಟಲಿನಿಂದ ಏನೋ ಹೊರಟಿತು. ಪಕ್ಕದವಳು ಸೇರಿದಳು. ಹಿಂದಿನಿಂದ ಇನ್ನಿಬ್ಬರು, ತಡವಾಗಿ, ಮೂಗು ಒರೆಸಿಕೊಳ್ಳುತ್ತಾ. ಮೂರನೆಯ ಸಾಲಿಗೆ ನಾವೆಲ್ಲ ತಯಾರಾಗಿ ನಿಂತಿದ್ದೆವು. ಮೊಮ್ಮಗಳು ಕಾರಿನ ಬಾಗಿಲು ಹಿಡಿದವಳು ಹಾಗೇ ನಿಂತಳು.

ಕುರ್ಚಿಯಲ್ಲಿದ್ದ ಓರಗಿತ್ತಿಯನ್ನು ನೋಡಿದೆ. ತನ್ನ ದನಿ ಹೇಳುವಾಗ ಅವಳು ಸುಮ್ಮನೆ ಕೇಳುತ್ತಿದ್ದಳು. ನಮ್ಮ ಸರದಿ ಬಂದಾಗ ಮಾತ್ರ ನಮ್ಮ ಜೊತೆ ತುಟಿ ಆಡಿಸುತ್ತಿದ್ದಳು.