ಲೈನ್ ತೆರೆಯುವ ಮುನ್ನ

ಯಂತ್ರಕ್ಕೆ ಎಷ್ಟು ಶಿಸ್ತು ಕಲಿಸಿದರೂ, ಅದರ ಸುತ್ತ ಮನುಷ್ಯರು ಓಡಾಡುವತನಕ ಇಂಥವು ನಡೆಯುತ್ತಲೇ ಇರುತ್ತವೆ.

ಬಿ.ಎಸ್ಸಿ. ಮುಗಿಸಿ ಅಣ್ಣಿಗೇರಿಯ ಒಂದು ಕಚೇರಿಗೆ ಸೇರಿದ್ದೆ. ಪೇಟೆಗೆ ಬಂದ ಕಡಲೆ, ಜೋಳ, ಹತ್ತಿಯ ಪಟ್ಟಿಯನ್ನು ದಿನಾ ಹನ್ನೊಂದಕ್ಕೆ ನನ್ನ ಕಂಪ್ಯೂಟರಿನಿಂದ ಧಾರವಾಡದ ಕಂಪ್ಯೂಟರಿಗೆ ಕಳಿಸುವುದು ಕೆಲಸ. ಎರಡರ ನಡುವಿನ ಲೈನ್ ತೆರೆಯುವ ಡ್ರೈವರ್ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಒಳಗಿನ ಕಾರ್ಡಿನ ಎಂಟು ಸಣ್ಣ ಸ್ವಿಚ್ಚು ಹೇಳಿದಂತೆ ಇವೆಯೇ, ಎರಡೂ ಊರಿನ ಕಂಪ್ಯೂಟರು ಅಕ್ಷರ ಕಳಿಸುವ ವೇಗ ಒಂದೇ ಇದೆಯೇ ಎಂದು ಅದು ಮೊದಲು ನೋಡುತ್ತಿತ್ತು. ಒಂದು ತಪ್ಪಿದರೂ ‘ಹೊಂದಿಕೆ ಇಲ್ಲ’ ಎಂದು ತೋರಿಸಿ ಸುಮ್ಮನಾಗುತ್ತಿತ್ತು.

ಧಾರವಾಡದ ತುದಿಗೆ ಆಪರೇಟರ್ ಆಗಿ ಒಬ್ಬ ಹೆಣ್ಣುಮಗಳು ಇದ್ದರು. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಪಟ್ಟಿ ಮುಟ್ಟಿದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಕನ್ನಡ ಬರೆಯುತ್ತಿದ್ದರು: “ಮುಟ್ಟಿತು. ಅಲ್ಲಿ ಮಳೆ ಬಂತೇ?” ಹನ್ನೊಂದರ ಆ ಸಾಲಿಗಾಗಿ ನಾನು ಎಂಟಕ್ಕೇ ಕಚೇರಿಗೆ ಹೋಗುತ್ತಿದ್ದೆ.

೧. ಖಂಡೇನವಮಿ

ಆಯುಧಪೂಜೆಯ ರಜೆ ಮುಗಿಸಿ ಬಂದರೆ ಲೈನ್ ತೆರೆಯಲೊಲ್ಲದು. ಪೆಟ್ಟಿಗೆ ಬಿಚ್ಚಿದೆ. ಕಾರ್ಡಿಗೆ ವಿಭೂತಿ. ಸ್ವಿಚ್ಚುಗಳೆಲ್ಲ ಒಂದೇ ಕಡೆಗೆ.

“ಇದನ್ನ ಯಾರು ಮುಟ್ಟಿದ್ರು?” ಎಂದೆ.

ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಕಚೇರಿಯ ಸಿಪಾಯಿ ಮುಂದೆ ಬಂದ. “ನಾನ ರೀ ಸರ. ಪೂಜಾಕ್ಕಂತ ಬಟ್ಟಿಲೆ ಒರಸಿದ್ನಿ. ನಾಕು ಮ್ಯಾಲ, ನಾಕು ಕೆಳಗ, ಅಡ್ಡಾದಿಡ್ಡಿ ಇದ್ದೂ. ಒಂದ ಸಾಲಿಗೆ ಹಚ್ಚೀನ್ರಿ.”

“ಅವು ಅಡ್ಡಾದಿಡ್ಡೀನ ಇರಬೇಕು!”

“ಮದ್ಲ ಹೇಳಬೇಕಲ್ರಿ. ನಿಮ್ಮ ಕ್ರಾಪು ನೋಡಿ, ಎಲ್ಲಾ ನೀಟ್ ಇರಬೇಕನ್ನೋ ಮನಷಾ ಅನ್ಕೊಂಡಿದ್ನಿ.”

೨. ಸಾಹೇಬರ ಅವಸರ

ಒಂದು ದಿನ ಮತ್ತೆ ‘ಹೊಂದಿಕೆ ಇಲ್ಲ’. ಕಾರಣ ಹುಡುಕುತ್ತಿದ್ದೆ. ಸಾಹೇಬರು ಬೆನ್ನ ಹಿಂದೆ ಬಂದು ನಿಂತರು.

“ತಮ್ಮಾ, ಮದ್ಲ ಲೈನ್ ತಗೀ. ತಪ್ಪು ಆಮ್ಯಾಲ ಹುಡುಕು.”

“ಹಂಗ ತಗದ್ರ ಕಸ ಹೋಗತೈತ್ರಿ ಸಾಹೇಬ್ರ.”

“ಹೋಗ್ಲಿ. ಏನರ ಒಂದು ಹೋತಲ್ಲಾ!”

ಪ್ರೋಗ್ರಾಮಿನಿಂದ ಪರೀಕ್ಷೆಯ ಸಾಲುಗಳನ್ನು ತೆಗೆದುಹಾಕಿದೆ. ಲೈನ್ ತೆರೆಯಿತು, ಒಂದು ಪುಟ ಅರ್ಥವಿಲ್ಲದ ಅಕ್ಷರ ಹೋಯಿತು. ಮರುದಿನ ಎಲ್ಲ ಸರಿಪಡಿಸಿದ ಮೇಲೆ ಧಾರವಾಡದ ಸಾಲು ಬಂತು: “ನಿನ್ನೆಯದು ಒಂದಕ್ಷರವೂ ತಿಳಿಯಲಿಲ್ಲ. ಆದರೂ ಎಂಟು ತಿಂಗಳ ಮೇಲೆ ಕಡಲೆ, ಜೋಳ ಬಿಟ್ಟು ಬೇರೆ ಏನೋ ಬರೆದಿರಿ ಅಂತ ಖುಷಿಯಾಯಿತು.”

ಉತ್ತರ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಕೊನೆಗೆ “ಇನ್ನು ಹಾಗಾಗದಂತೆ ನೋಡಿಕೊಳ್ಳುತ್ತೇನೆ” ಎಂದು ಕಳಿಸಿದೆ.

೩. ಟ್ರಂಕ್ ಕಾಲ್

ಧಾರವಾಡದ ಆ ಆಪರೇಟರಿಗೆ ಕಾರವಾರಕ್ಕೆ ವರ್ಗವಾಯಿತು. ಶನಿವಾರವೇ ಕೊನೆಯ ದಿನ. ವಿಳಾಸ ಕೇಳಲೇಬೇಕೆಂದು ವಾರವಿಡೀ ವಾಕ್ಯ ಜೋಡಿಸಿಕೊಂಡೆ.

ಶನಿವಾರ ಹನ್ನೊಂದಕ್ಕೆ: ‘ಹೊಂದಿಕೆ ಇಲ್ಲ’.

ಸ್ವಿಚ್ಚು ನೋಡಿದೆ, ಸರಿ. ಕೇಬಲ್ ನೋಡಿದೆ, ಸರಿ. ನನ್ನ ವೇಗ ಸರಿ. ಅಂದರೆ ತಪ್ಪು ಅಲ್ಲಿಯದು. ಟ್ರಂಕ್ ಕಾಲ್ ಬುಕ್ ಮಾಡಿ ಎರಡು ತಾಸು ಕಾದೆ. ಸಿಪಾಯಿ ಬಾಜೂಕ ನಿಂತಿದ್ದ. ನಮ್ಮ ಫೋನಿನಲ್ಲಿ ಆಚೆಯವರ ಮಾತು ಅರ್ಧ ಕಚೇರಿಗೆ ಕೇಳುತ್ತಿತ್ತು.

“ಹಲೋ,” ಎಂದರು. ತೆಳ್ಳಗಿನ, ನಗು ತಡೆದಂಥ ದನಿ. ನನ್ನ ವಾಕ್ಯವೆಲ್ಲ ಮರೆತುಹೋಯಿತು.

“ನಿಮ್ಮ ಕಡೆ ಸ್ಪೀಡ್ ಬದಲಿ ಆಗೇದೇನ್ರಿ?”

“ನಾನ ಬದಲಿ ಮಾಡೀನ್ರಿ.”

“ಯಾಕ್ರಿ?”

“ದಿನಾ ಲೈನ್ ತಗೀತೀರಿ, ಪಟ್ಟಿ ಕಳಸ್ತೀರಿ, ಮುಚ್ಚತೀರಿ. ತಗೀಲಿಲ್ಲಂದ್ರ ಫೋನರ ಮಾಡ್ತೀರೇನೋ ಅಂತ.”

ಅವರು ಕಾಯುತ್ತಿದ್ದರು. ಎಕ್ಸ್‌ಚೇಂಜಿನವರು ನಡುವೆ ಬಂದು “ಮೂರು ಮಿನಿಟ್ ಆಗಾಕ ಬಂತ್ರಿ” ಎಂದರು.

ನಾನೆಂದೆ: “ಹಂಗಾರ ಮದ್ಲಿನ ಸ್ಪೀಡ್ ಹಾಕ್ರಿ.”

“ಹಾಕತೀನ್ರಿ” ಎಂದರು. ಫೋನ್ ಇಟ್ಟೆ. ಪರೀಕ್ಷೆ ಎಲ್ಲ ಸರಿ ಬಂತು, ಲೈನ್ ತೆರೆಯಿತು. ಕಡಲೆ, ಜೋಳ, ಹತ್ತಿ ಕಳಿಸಿದೆ. “ಮುಟ್ಟಿತು” ಎಂದಷ್ಟೇ ಬಂತು. ಮಳೆಯ ಬಗ್ಗೆ ಕೇಳಲಿಲ್ಲ.

ಪರದೆ ನೋಡುತ್ತ ಕೂತಿದ್ದೆ. ಸಿಪಾಯಿ ಚಹಾ ತಂದಿಟ್ಟು, ಹೆಗಲ ಮೇಲಿನ ಬಟ್ಟೆ ಝಾಡಿಸಿಕೊಂಡ.

“ತಪ್ಪಾತ್ರಿ ಸರ. ಖಂಡೇನವಮಿಗೆ ಆ ಕಾರ್ಡು ಬಿಟ್ಟು ನಿಮ್ಮನ್ನ ಒರಸಿ ಸಾಲಿಗೆ ಹಚ್ಚಬೇಕಿತ್ತು.”