ಓಪನ್ ಹೌಸಿನಲ್ಲಿ ನನ್ನದೊಂದು ಬಿಟ್ಟಿ ಸಲಹೆ

ಸಲಹೆ ಕೊಡುವ ಚಟ ನಶ್ಯದ ಚಟಕ್ಕಿಂತ ಕೆಟ್ಟದ್ದು. ನಶ್ಯ ಏರಿಸುವವನಿಗೆ ಡಬ್ಬಿ ಖಾಲಿಯಾದಾಗಲಾದರೂ ಬಿಡುವು ಸಿಗುತ್ತದೆ. ಸಲಹೆಯ ಡಬ್ಬಿ ಖಾಲಿಯಾಗುವುದೇ ಇಲ್ಲ. ನಮ್ಮ ಬೇ ಏರಿಯಾದಲ್ಲಿ ಈ ಚಟ ಹತ್ತುವುದು ಮೊದಲ ಮನೆ ಕೊಂಡ ಮೇಲೆ. ಅಲ್ಲಿಯತನಕ, ಎಲ್ಲರೂ ಒಂದೊಂದು ಅಡಿಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ಮೂಲೆ ಹಿಡಿದು ತೆಪ್ಪಗೆ ಬಿಸಿಬೇಳೆ ಭಾತ್ ತಿನ್ನುತ್ತಿದ್ದವನು, ಬೀಗದ ಕೈ ಸಿಕ್ಕ ಮರುವಾರವೇ ತಟ್ಟೆ ಹಿಡಿದು ನಡುಮನೆಗೆ ಬಂದು ಬಡ್ಡಿ ದರ, ಸ್ಕೂಲಿನ ರೇಟಿಂಗು, ಚಾವಣಿಯ ಆಯುಸ್ಸು ಎಂದು ಉಪನ್ಯಾಸ ಶುರು ಮಾಡುತ್ತಾನೆ. ನಾನೂ ಮಾಡಿದೆ. ನಾವು ಕೊಂಡ ರೀತಿಯನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಸ್ಯಾನ್ ರಮೋನಿನ ಆ ಮನೆಗೆ ಜನ ಮುಗಿಬಿದ್ದಿದ್ದರು. ಮಧ್ಯಾಹ್ನ ನೋಡಿದವರು ಸಂಜೆಯೊಳಗೆ, ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇವೆ ಎಂದು ಆಫರ್ ಹಾಕಿಬಿಟ್ಟೆವು. ಮನೆಯ ಹುಳುಕು ತಿಳಿದವರಿಂದ ನೋಡಿಸುವ ಇನ್‌ಸ್ಪೆಕ್ಷನ್ನೂ ಬೇಡವೆಂದೆವು. ಎಮ್ಮೆ ಕೊಳ್ಳುವವನು ಕೂಡ ಒಮ್ಮೆ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ.

ಈ ವರ್ಷ ಕಂಪನಿಯವರು ನನ್ನನ್ನು ಮನೆಗೆ ಕಳಿಸಿದರು. ಹೆಂಡತಿ ಶೀಲಾಳ ಒಂದೇ ಸಂಬಳದಲ್ಲಿ ಆ ಮನೆ ಉಳಿಸಿಕೊಳ್ಳುವುದು ಆಗದ ಮಾತು. ಮಾರಿಬಿಡೋಣ, ಅವಳ ಆಫೀಸಿಗೆ ಹತ್ತಿರವಾಗಿ ಸ್ಯಾನ್ ಹೊಸೆಯಲ್ಲಿ ಒಂದು ಅಪಾರ್ಟ್‌ಮೆಂಟು ಬಾಡಿಗೆಗೆ ಹಿಡಿಯೋಣ ಎಂದು ತೀರ್ಮಾನಿಸಿದೆವು. ನಾವು ಮಾರಲು ಹೊರಟ ಗಳಿಗೆ ನೋಡಿಕೊಂಡೇ ಕೊಳ್ಳುವವರೆಲ್ಲ ಮಾಯವಾದರು. ನಮ್ಮ ಏಜೆಂಟು ಪ್ರಭುಗಳು ಮಂಗಳೂರಿನವರು, ನಿಷ್ಠುರಿ. "ದೇವರ ಮಂಟಪ ತೆಗೀರಿ, ಗೋಡೆ ಮೇಲಿನ ಫೋಟೋ ತೆಗೀರಿ, ಒಗ್ಗರಣೆ ಅಂತೂ ಬೇಡವೇ ಬೇಡ. ಬಂದವರಿಗೆ ಈ ಮನೆಯಲ್ಲಿ ಯಾರೂ ಇರ್ಲೇ ಇಲ್ಲ ಅಂತ ಕಾಣ್ಬೇಕು ಮಾರಾಯ್ರೆ" ಎಂದರು. ದೇವರು ಗ್ಯಾರೇಜಿಗೆ ಹೋದರು. ನಾವು ವಾರಗಟ್ಟಲೆ ಬ್ರೆಡ್ಡು, ಮೊಸರನ್ನ ತಿಂದುಕೊಂಡು, ಮನೆ ಅಂದವಾಗಿ ಕಾಣಲೆಂದು ಅವರು ತರಿಸಿದ ಬಾಡಿಗೆ ಸೋಫಾದ ತುದಿಯಲ್ಲಿ ಕೂತು ದಿನ ದೂಡಿದೆವು. ಒಂದು ದಿನ ಮಗಳು, "ಅಪ್ಪಾ, ಆರ್ ವೀ ಗೆಸ್ಟ್ಸ್ ಹಿಯರ್?" ಎಂದು ಕೇಳಿದಳು.

ಯಾರು ಬೇಕಾದರೂ ಬಂದು ಮನೆ ನೋಡಬಹುದಾದ ಓಪನ್ ಹೌಸಿನ ಭಾನುವಾರ, ಮಾರುವವರು ಮನೆ ಹತ್ತಿರ ಸುಳಿಯಬಾರದು ಎಂದು ಪ್ರಭುಗಳ ಅಪ್ಪಣೆ. ಹೇಳುವಾಗ ನನ್ನನ್ನೇ ನೋಡಿದ್ದರು. ಶೀಲಾ ಮಗಳನ್ನು ಕರೆದುಕೊಂಡು ಲೈಬ್ರರಿಗೆ ಹೋದಳು. ನಾನು ಪಕ್ಕದ ಪಾರ್ಕಿನ ಬೆಂಚಿನಲ್ಲಿ ಕೂತು, ನಮ್ಮ ಬಾಗಿಲಿಗೆ ಯಾರಾದರೂ ಬರುತ್ತಾರೇನೋ ಎಂದು ಕಣ್ಣಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಎರಡು ಕಾರು ಬಂದವು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ನೆಲ ಕೊಳೆಯಾಗದಿರಲೆಂದು ಬಾಗಿಲಲ್ಲಿಟ್ಟಿದ್ದ ನೀಲಿ ಬಟ್ಟೆಯ ಚೀಲಗಳನ್ನು ಬಂದವರಂತೆಯೇ ಶೂ ಮೇಲೆ ಏರಿಸಿಕೊಂಡು ನನ್ನ ಮನೆಗೆ ನಾನೇ ನೋಡುಗನಾಗಿ ಹೊಕ್ಕೆ. ಪ್ರಭುಗಳು ಹಿತ್ತಲಿನಲ್ಲಿ ಯಾರಿಗೋ ನಿಂಬೆಗಿಡ ತೋರಿಸುತ್ತಿದ್ದರು. ಅಡಿಗೆಮನೆಯಲ್ಲಿ ಚಿಕ್ಕ ವಯಸ್ಸಿನ ಗಂಡ ಹೆಂಡತಿ ನಿಂತಿದ್ದರು.

"ಮನಿ ಏನೋ ಛಲೋ ಅದ, ರೇಟ್ ಭಾಳ ಆತು" ಎನ್ನುತ್ತಿದ್ದಳು ಹೆಂಡತಿ.

ಕನ್ನಡ ಕಿವಿಗೆ ಬಿದ್ದಮೇಲೆ ಸುಮ್ಮನಿರುವುದು ಹೇಗೆ? "ಕನ್ನಡದವರಾ?" ಎಂದೆ.

"ಹೌದ್ರಿ, ಹುಬ್ಬಳ್ಳಿಯವ್ರು. ನೀವೂ ಮನಿ ನೋಡ್ಲಿಕ್ಕೆ ಬಂದೀರೇನ್ರಿ ಸರ?" ಎಂದ ಗಂಡ. ಹೂಂ ಎಂದೆ. "ಇವತ್ತ ಆಫರ್ ಹಾಕಬೇಕಂತ ಮಾಡೀವ್ರಿ. ನಿಮಗೇನ ಅನಸ್ತದ?"

ಆ ಹುಡುಗ ಹಾಗೆ ಕೇಳಬಾರದಿತ್ತು. ಕೆಲಸ ಹೋದಮೇಲೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಪಾಟ್‌ಲಕ್ಕುಗಳಲ್ಲಿ ಕೂಡ ಜನ ನನ್ನ ಹತ್ತಿರ ಹವಾಮಾನದ ಮಾತಾಡಿ ಜಾಗ ಬದಲಿಸುತ್ತಿದ್ದರು. ಇಷ್ಟು ದಿನ ಒಳಗೇ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಲೇ ಹೊರಬಂತು. "ಅವಸರ ಮಾಡಬೇಡಿ. ಮಾರ್ಕೆಟ್ಟು ಇಳೀತಿದೆ. ಎರಡು ತಿಂಗಳು ಕಾಯಿರಿ, ಇವರೇ ಬೆಲೆ ಇಳಿಸ್ತಾರೆ. ಆಮೇಲೂ ಅದಕ್ಕಿಂತ ಕಮ್ಮಿಗೆ ಕೇಳಿ. ಇನ್‌ಸ್ಪೆಕ್ಷನ್ ಮಾತ್ರ ಬಿಡಬೇಡಿ, ಚಾವಣಿ ಹಳೇದು, ಅದರ ಖರ್ಚು ಇವರ ತಲೆಗೇ ಹಾಕಿ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗೋಡೆಯ ಮೇಲೆ ಮಂಟಪ ಕಿತ್ತು ಬಣ್ಣ ಬಳಿದ ಕಲೆ ತೋರಿಸಿ, "ದೇವರನ್ನೇ ಎಬ್ಬಿಸಿದ್ದಾರೆ ಅಂದರೆ ನೋಡಿ, ಪಾಪ, ಇವರಿಗೆ ಏನೋ ಕಷ್ಟವಿದೆ. ತಡೆಯೋ ಶಕ್ತಿ ಇಲ್ಲ" ಎಂದೂ ಸೇರಿಸಿದೆ. ಬೇರೆ ಯಾರದೋ ಸಂಸಾರದ ಬಗ್ಗೆ ಮಾತಾಡುವ ಹಾಗೆ ಮರುಕವೂ ಬಂತು.

"ದೇವರು ಭೇಟಿ ಆದಂಗ ಆತ್ರಿ ಸರ" ಎಂದು ಆತ ಕೈಮುಗಿದ. ಅವರ ಕಾರು ತಿರುವಿನಲ್ಲಿ ಮರೆಯಾದಮೇಲೆ ನಾನು ಹೇಳಿದ್ದು ನನ್ನ ಮನೆಯ ಬಗ್ಗೆಯೇ ಎಂದು ಹೊಳೆಯಿತು. ಓಡಿಹೋಗಿ ಕರೆಯೋಣವೆಂದರೆ, ಏನೆಂದು ಹೇಳಿ ಕರೆಯುವುದು?

ಆಮೇಲೆ ಬಂದವರೆಲ್ಲ ಬರೀ ಗೋಡೆ ತಟ್ಟಿ ನೋಡಿ ಹೋದರು. ಒಂದು ಸಲ ಬೆಲೆ ಇಳಿಸಿದೆವು, ಮತ್ತೊಂದು ಸಲ ಇಳಿಸಿದೆವು. ಕೈಯಲ್ಲಿದ್ದ ದುಡ್ಡು ಕರಗುತ್ತಾ ಬಂತು. ಕೊನೆಗೊಂದು ಸಂಜೆ ಪ್ರಭುಗಳ ಫೋನು ಬಂತು. ಒಂದೇ ಒಂದು ಆಫರ್, ಹುಬ್ಬಳ್ಳಿ ಕಡೆಯವರದು. ಇಳಿಸಿದ ಬೆಲೆಗಿಂತ ಕಡಿಮೆಗೆ ಕೇಳಿದ್ದಾರೆ, ಇನ್‌ಸ್ಪೆಕ್ಷನ್ ಬೇಕಂತೆ, ಚಾವಣಿಯ ಖರ್ಚು ನಮ್ಮದಂತೆ. "ಒಪ್ಪಿಬಿಡಿ ಮಾರಾಯ್ರೆ, ಬೇರೆ ದಾರಿ ಇಲ್ಲ. ನಿಮಗೆ ಅರ್ಜೆಂಟಿದೆ ಅಂತ ಅವ್ರಿಗೆ ಹೇಗೋ ಗೊತ್ತಾಗಿದೆ" ಎಂದರು ಪ್ರಭುಗಳು.

ಶೀಲಾ ಬಾಡಿಗೆ ಸೋಫಾದ ತುದಿಯಲ್ಲಿ ಕೂತು ಅವರ ಷರತ್ತುಗಳನ್ನು ಫೋನಿನಲ್ಲಿ ಮತ್ತೆ ಮತ್ತೆ ಓದಿದಳು. ಸಿಟ್ಟಾಗುತ್ತಾಳೆಂದು ಕಾದೆ, ಆಗಲಿಲ್ಲ.

"ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ರೀ" ಎಂದಳು. "ಚಿಕ್ಕೋರು ಪಾಪ, ಅವರಿಗೇ ಹೊಳೆದಿರಲ್ಲ. ಯಾರೋ ತಿಳಿದೋರು ಕೂತು ಹೇಳಿಕೊಟ್ಟಿದ್ದಾರೆ. ನಾವು ತಗೊಳ್ಳುವಾಗ ಅಂಥವರೊಬ್ಬರು ನಮ್ಮ ಜೊತೆ ಇದ್ದಿದ್ರೆ ಇವತ್ತು ಹೀಗಾಗ್ತಿತ್ತಾ?"

ಆಗುತ್ತಿರಲಿಲ್ಲ ಎಂದೆ. ಅವಳು ಫೋನು ನನ್ನ ಕಡೆ ಚಾಚಿದಳು. ಪರದೆಯ ಮೇಲೆ ಬೆರಳಿನಲ್ಲೇ ಒಪ್ಪಿಗೆಯ ಸಹಿ ಹಾಕಿ ಹಿಂದಕ್ಕೆ ಕೊಟ್ಟೆ.