ತಮ್ಮನ ಪೆಟ್ಟಿಗೆಯೂ ಹೊಸ ಕಿಟ್ಟೂ

ಬೆಳಿಗ್ಗೆ ಎದ್ದು ನಳದ ನೀರು ಹಿಡಿದೆ. ಜೋಳದ ಹಿಟ್ಟು ಸಾಣಿಸಿದೆ. ಶೇಂಗಾ ಹುರಿದು ಚಟ್ನಿ ಕುಟ್ಟಿದೆ. ಮದುವೆಗೆ ಉಡುವ ಸೀರೆಗೆ ಇಸ್ತ್ರಿ ಮಾಡಿದೆ. ಸಾಸಿವೆ ಡಬ್ಬಿಯಿಂದ ಹನ್ನೊಂದು ಸ್ಕ್ರೂ ಆರಿಸಿ ತೆಗೆದೆ. ನಗಬೇಡಿ! ಒಗ್ಗರಣೆಗೆ ಮುಂಚೆ ಸ್ಕ್ರೂ ಆರಿಸುವ ಮನೆ ಸೊಲ್ಲಾಪುರದಲ್ಲಿ ನಮ್ಮದೊಂದೇ ಇದ್ದೀತು. ಇದಕ್ಕೆ ಕಾರಣ, ಬಿಚ್ಚಿದ ಸ್ಕ್ರೂಗಳನ್ನು ಕೈಗೆ ಸಿಕ್ಕ ಡಬ್ಬಿಗೆ ಹಾಕುವ ನನ್ನ ತಮ್ಮ. ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಬಲ್ಲೆನೆಂದು ನಂಬಿದವನು. ಕೆಡದೆ ಇದ್ದುದನ್ನೂ ಬಿಡದವನು.

ತೊಂಬತ್ತರ ದಶಕದ ಮಾತು. ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಅವನ ಸಂಸಾರ. ಹಗಲು ವಿಜಾಪುರ ರಸ್ತೆಯ ಆಫೀಸಿನಲ್ಲಿ ಕಾರಕೂನ, ಸಂಜೆ ಸಂಗೀತಗಾರ! ಮುಂಬಯಿಯ ಯಾವುದೋ ಸ್ಟುಡಿಯೊದವರು ಬೇಡವೆಂದ ಹಳೆಯ ಸಿಂಥಸೈಜರನ್ನು ಹೊತ್ತು ತಂದಿದ್ದ. ಕರೆಂಟಿನ ಹಾರ್ಮೋನಿಯಂ ಎಂದುಕೊಳ್ಳಿ. ಕೊಳಲು, ಪಿಟೀಲು, ಮನಸ್ಸು ಬಂದಾಗ ಎಮ್ಮೆಯ ದನಿಯನ್ನೂ ಹೊರಡಿಸುತ್ತಿತ್ತು. ನಮ್ಮ ಬಾಯಲ್ಲಿ ಅದು ಬರೀ ‘ಪೆಟ್ಟಿಗೆ’. ಅಕ್ಕಲಕೋಟೆಯ ಅವನ ಮಾವನವರಂತೂ, “ನಮ್ಮ ಅಳಿಯಂದ್ರು ಪೆಟಿಗಿ ಹೊರೂದ್ರಾಗ ಭಾಳ ಶ್ಯಾಣ್ಯಾರು” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ತನ್ನ ತಂಗಿಯ ಮದುವೆಯ ತಯಾರಿಗೆಂದು ತವರಿಗೆ ಹೊರಟ ಅವನ ಹೆಂಡತಿ ಹೊಸ್ತಿಲಲ್ಲೇ ನಿಂತು ಹೇಳಿದಳು: “ಮದುವ್ಯಾಗ ಇದನ್ನ ಬಾರಿಸಿ ನಮ್ಮಪ್ಪನ ಬಾಯಿ ಮುಚ್ಚಸ್ರಿ. ಇಲ್ಲಾಂದ್ರ ನಾ ಸೊಲ್ಲಾಪುರಕ ತಿರಿಗಿ ಬರಂಗಿಲ್ಲ.”

ಇದ್ದ ಹಾಗೆಯೇ ಬಾರಿಸಬಹುದಿತ್ತಲ್ಲ? ಬಾರಿಸಿದರೆ ಅವನು ನನ್ನ ತಮ್ಮನೇ? ಹಳೆಯ ಪೆಟ್ಟಿಗೆಗೆ ಹೊಸ ದನಿಗಳನ್ನು ಕೂಡಿಸುವ ಕಿಟ್ಟೊಂದನ್ನು ಅಂಚೆಯಲ್ಲಿ ತರಿಸಿದ. ಮೂರು ದಿನ ಮನೆಯೆಲ್ಲ ಬೆಸುಗೆಯ ಹೊಗೆ. ಕಡೆಗೊಂದು ಸಂಜೆ ಪೆಟ್ಟಿಗೆ ಶಹನಾಯಿಯಂತೆ ಹಾಡಿತು! ಮನೆಗೆ ಹೊಸ ಸಾಮಾನು ಬಂದಾಗ ಪೂಜೆ ಮಾಡದೆ ಇರಲಾದೀತೇ? ನಾನೇ ಕುಂಕುಮ ಹಚ್ಚಿ, ಧಾರಾಳವಾಗಿ ಅಕ್ಷತೆ ಹಾಕಿ, ಆರತಿ ಬೆಳಗಿದೆ.

ಮರುದಿನ ಬೆರಳಿಟ್ಟು ಬಾರಿಸುವ ಪಟ್ಟಿಗಳಲ್ಲಿ ನಾಲ್ಕು ಮೂಕ. ಒತ್ತಿದರೆ ಅಲುಗವು.

“ಕಿಟ್ ಖರಾಬ್ ಐತಿ ಅಕ್ಕಾ!”

ಕಿಟ್ಟನ್ನು ಬಿಚ್ಚಿ ಮತ್ತೆ ಜೋಡಿಸಿದ. ಮೂಕ. ತಂತಿ ಬದಲಿಸಿದ. ಮೂಕ. ಪಕ್ಕದ ಮನೆಯ ಮಗ್ಗಗಳು ಕರೆಂಟು ಕುಡಿಯುತ್ತಿವೆಯೆಂದು ಹೋಗಿ, ಒಂದು ತಾಸು ಮಗ್ಗ ನಿಲ್ಲಿಸಿ ಎಂದು ಕೇಳಿದ. ಅವರು ಇವನನ್ನೇ ಬಾಗಿಲಲ್ಲಿ ಒಂದು ತಾಸು ನಿಲ್ಲಿಸಿದರು. ಕಡೆಗೆ ಕಿಟ್ಟನ್ನೇ ಕಿತ್ತು ಹೊರಗಿಟ್ಟ. ಆಗಲೂ ಅವೇ ನಾಲ್ಕು ಮೂಕ.

“ಹಂಗಾರ ಕಿಟ್‌ದ ತಪ್ಪಲ್ಲೋ ತಮ್ಮಾ.”

“ನಿನಗ ತಿಳಿಯಂಗಿಲ್ಲ ಸುಮ್ನಿರು. ಕಿಟ್ ತಗದ್ರೂ ಅದರ ಗುಣ ಒಳಗ ಉಳದೈತಿ.”

“ದೆವ್ವ ಹೊಕ್ಕಂಗ?”

“ಹೂಂ, ಹಂಗ ತಿಳ್ಕೊ!”

ಪಟ್ಟಿಗಳ ಕೆಳಗೆ ಮಾತ್ರ ಅವನು ನೋಡಲಿಲ್ಲ. ಅಲ್ಲಿ ಕಿಟ್ ಇರಲಿಲ್ಲವಲ್ಲ!

ಮದುವೆಯ ದಿನ ಬಂದೇಬಿಟ್ಟಿತು. ಕಿಟ್ಟನ್ನು ಮತ್ತೆ ಕೂರಿಸಿ, ಬೆಳಿಗ್ಗೆ ನಾನು ಸಾಸಿವೆಯಿಂದ ಆರಿಸಿಕೊಟ್ಟ ಸ್ಕ್ರೂ ಬಿಗಿದು, ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹೇರಿದ. ಅಕ್ಕಲಕೋಟೆಯಲ್ಲಿ ಇಳಿಯುವಾಗ ಮೆಲ್ಲಗೆ ಕೇಳಿದ, “ಅಕ್ಕಾ, ಆಕಿ ಖರೇನ ಬರಂಗಿಲ್ಲೇನ?” ನಾನು ಹಾಸ್ಯ ಬಿಟ್ಟು ಪೆಟ್ಟಿಗೆಯ ಒಂದು ತುದಿ ಹಿಡಿದೆ.

ಅಕ್ಷತೆಗೆ ಇನ್ನೊಂದು ತಾಸಿತ್ತು. ಚಪ್ಪರದ ಮೂಲೆಯಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಕುಳಿತಿದ್ದ. ಅವನ ಹೆಂಡತಿ ಬಂದು ಬಗ್ಗಿ ಪಟ್ಟಿಗಳ ಸಂದಿಯಲ್ಲಿ ನೋಡಿದಳು. ತಲೆಯ ಪಿನ್ನು ತೆಗೆದು ಕೆದಕಿದಳು. ಒಂದೊಂದಾಗಿ ಹೊರಬಂದವು, ಕೆಂಪು ಬಣ್ಣದ ಅಕ್ಕಿಕಾಳು!

“ಪೆಟಿಗಿಗೆ ಅಕ್ಷತಿ ಹಾಕಿದವ್ರು ಯಾರ್ರಿ?”

ನಾನು ಚಪ್ಪರದ ಬಟ್ಟೆ ಎಷ್ಟು ಚೆನ್ನಾಗಿದೆ ಎಂದು ನೋಡುತ್ತ ನಿಂತೆ. ತಮ್ಮ ಬಾಯಿ ಬಿಡಲಿಲ್ಲ. ಬಿಡದಿದ್ದುದು ಅದೇ ಮೊದಲು.

ಬಾರಿಸಿದ. ಸುಳ್ಳೇಕೆ, ಚೆನ್ನಾಗಿಯೇ ಬಾರಿಸಿದ. ಮಾವನವರು, “ಹೊತ್ತಿದ್ದಕ್ಕ ಸಾರ್ಥಕ ಆತು ಬಿಡ್ರಿ” ಎಂದರು. ಅವರ ಬಾಯಿ ಅದಕ್ಕಿಂತ ಹೆಚ್ಚು ಮುಚ್ಚುವಂಥದ್ದಲ್ಲ.

ಊಟವಾದ ಮೇಲೆ ತಮ್ಮ ಎದೆಯುಬ್ಬಿಸಿ ಹೆಂಡತಿಗೆ, “ಇನ್ನ ಬ್ಯಾಗ ತುಂಬು, ಗೆದ್ದೀನಿ” ಎಂದ.

ಅವಳು ಒಳಗಿನಿಂದ ಬ್ಯಾಗು ತಂದು ಅವನ ಕಾಲ ಬಳಿ ಇಟ್ಟಳು. “ನಿನ್ನೆ ರಾತ್ರೀನ ತುಂಬಿಟ್ಟೀನ್ರಿ. ನೀವು ಬಾರಿಸಿದ್ರೂ ಅಷ್ಟ, ಬಿಟ್ರೂ ಅಷ್ಟ.”

ಅವನು ಪೆಟ್ಟಿಗೆಯನ್ನು ನನ್ನ ಬಳಿ ಬಿಟ್ಟು, ಮೊದಲು ಆ ಬ್ಯಾಗನ್ನು ಎತ್ತಿಕೊಂಡ.

ಸಂಜೆ ಮನೆಗೆ ಬಂದು ರೊಟ್ಟಿ, ಮೊಸರು, ಮದುವೆಮನೆಯ ಬುಂದಿ ತಿಂದೆವು. ತಮ್ಮನೇ ಮೊದಲು ಮಲಗಿದ್ದು. ಊಟಕ್ಕೆ ಕೂತಲ್ಲೇ, ಗೋಡೆಗೆ ಒರಗಿ. ಹೆಂಡತಿ ಅವನ ಕೈಯ ಎಂಜಲನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಎಚ್ಚರವಾಗದ ಹಾಗೆ.